ಪ್ಲೇಸ್‌ಮೆಂಟ್ ಆಯ್ತು, ಕೆಲಸ ಸಿಗಲಿಲ್ಲ

ನನ್ನ ಹತ್ತಿರ ಸಲಹೆಗೆ ಬಂದ ಒಬ್ಬರ ಕಥೆ ಇದು. ಹೆಸರು, ಊರು, ಮನೆಯ ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಶ್ರೀಧರ ಅಂತ ಕರೆಯೋಣ. ವಯಸ್ಸು 41. ಸಾಗರದ ಕಡೆಯವರು, ನ್ಯೂಜೆರ್ಸಿಯಲ್ಲಿ ಸಾಫ್ಟ್‌ವೇರ್ ಕೆಲಸ. ರಾತ್ರಿ ಮಗ ಮಲಗಿದ ಮೇಲೆ ಇಂಗ್ಲಿಷಿನಲ್ಲಿ ಚಿತ್ರಕಥೆ ಬರೆಯುತ್ತಾರೆ.

ನನ್ನನ್ನು ಮೊದಲು ಸಂಪರ್ಕಿಸಿದ್ದು ಅವರ ಹೆಂಡತಿ. "ಮೇಡಂ, ನಮ್ಮನೆಯವರು ಸಿನಿಮಾ ಬರೀತಿದಾರೋ ಪರೀಕ್ಷೆ ಬರೀತಿದಾರೋ ನಂಗಂತೂ ಗೊತ್ತಾಗ್ತಿಲ್ಲ" ಅಂದರು. ಎರಡು ವರ್ಷದಲ್ಲಿ 31 ಚಿತ್ರಕಥೆ ಸ್ಪರ್ಧೆ. ಒಂದೊಂದಕ್ಕೂ ಡಾಲರ್ ಲೆಕ್ಕದಲ್ಲಿ ಶುಲ್ಕ. ರಿಸಲ್ಟ್ ಬರುವ ದಿನ ಊಟ ಸೇರುವುದಿಲ್ಲ. ಆಫೀಸ್ ಮೀಟಿಂಗ್ ನಡೆಯುತ್ತಿದ್ದರೂ ಕಣ್ಣೆಲ್ಲ ಇಮೇಲ್ ಮೇಲೆ. ಹೆಸರು ಇಲ್ಲದಿದ್ದರೆ ಎರಡು ದಿನ ಮನೆಯಲ್ಲಿ ಮಾತಿಲ್ಲ.

ಶ್ರೀಧರ ಅವರ ಪ್ರಶ್ನೆ ಬೇರೆಯೇ ಇತ್ತು. "ಹನ್ನೊಂದು ಕಡೆ ಪ್ಲೇಸ್‌ಮೆಂಟ್ ಇದೆ ಮೇಡಂ. ಆದರೂ ಸ್ಕ್ರಿಪ್ಟನ್ನ ಯಾರೂ ಯಾಕೆ ಕೇಳ್ತಿಲ್ಲ?"

ನನ್ನ ಕಿವಿ ನಿಂತಿದ್ದು 'ಪ್ಲೇಸ್‌ಮೆಂಟ್' ಅನ್ನುವ ಪದದ ಮೇಲೆ. ನಮ್ಮಲ್ಲಿ ಇಂಜಿನಿಯರಿಂಗ್ ಓದಿದವರಿಗೆ ಪ್ಲೇಸ್‌ಮೆಂಟ್ ಆಯ್ತು ಅಂದರೆ ಕೆಲಸ ಸಿಕ್ಕಿತು ಅಂತಲೇ ಅರ್ಥ. ಒಳ್ಳೆಯ ಮಾರ್ಕ್ಸ್ ತೆಗೆದರೆ ಸಾಕು, ಕಂಪನಿ ತಾನೇ ಕ್ಯಾಂಪಸ್‌ಗೆ ಬರುತ್ತದೆ. ಇವರಿಗೂ ಹಾಗೇ ಆಗಿತ್ತು. ಸ್ಕ್ರಿಪ್ಟ್ ಸ್ಪರ್ಧೆಯಲ್ಲಿ ಪ್ಲೇಸ್‌ಮೆಂಟ್ ಅಂದರೆ ಇಂತಿಷ್ಟನೇ ಸುತ್ತಿನವರೆಗೆ ಬಂದಿರಿ ಅಂತ, ಅಷ್ಟೇ. ಇಲ್ಲಿ ಯಾವ ಕಂಪನಿಯೂ ಕ್ಯಾಂಪಸ್‌ಗೆ ಬರುವುದಿಲ್ಲ. ಶ್ರೀಧರ ಕಾಯುತ್ತಾ ಕೂತಿದ್ದರು.

ಸ್ಕ್ರೀನ್ ಶೇರ್ ಮಾಡಿ, ಎಲ್ಲ ತೋರಿಸಿ ಅಂದೆ. ಮೊದಲು ಸ್ಕ್ರಿಪ್ಟಿನ ಮುಖಪುಟ ಬಂತು. ಎರಡು ಕಡೆಯಿಂದ ಎಲೆ ಬಾಗಿದ ಚಿಹ್ನೆ ಇರುತ್ತದಲ್ಲ, ಲಾರೆಲ್ ಅಂತಾರೆ, ಅಂಥ ಹನ್ನೊಂದು ಚಿಹ್ನೆ. ಮೂರು ಸಾಲು, ಕೊನೆಯ ಸಾಲಿನಲ್ಲಿ ಮೂರು. ಕಥೆಯ ಹೆಸರು ಅವುಗಳ ಕೆಳಗೆ ಸಣ್ಣಕ್ಷರದಲ್ಲಿ ಇತ್ತು. ಆಮೇಲೆ ಮ್ಯಾನೇಜರ್‌ಗಳಿಗೆ, ಅಂದರೆ ಬರಹಗಾರರ ಪರವಾಗಿ ಸಿನಿಮಾದವರ ಜೊತೆ ವ್ಯವಹರಿಸುವವರಿಗೆ, ಕಳಿಸುತ್ತಿದ್ದ ಪತ್ರ. ಮೊದಲ ಎಂಟು ಸಾಲು ಸ್ಪರ್ಧೆಗಳ ಹೆಸರು. ಕಥೆ ಏನು ಅಂತ ಬರುವುದು ಒಂಬತ್ತನೇ ಸಾಲಿನಲ್ಲಿ.

ಆ ಹನ್ನೊಂದು ಪ್ಲೇಸ್‌ಮೆಂಟಿನಲ್ಲಿ ತೂಕ ಇದ್ದದ್ದು ಎರಡಕ್ಕೆ ಮಾತ್ರ. ಒಂದು, 2023ರ ನಿಕೋಲ್ ಫೆಲೋಶಿಪ್‌ನಲ್ಲಿ ಕ್ವಾರ್ಟರ್‌ಫೈನಲ್. ಆಸ್ಕರ್ ಕೊಡುವ ಅಕಾಡೆಮಿಯೇ 1986ರಿಂದ ನಡೆಸುವ ಸ್ಪರ್ಧೆ ಅದು. ವರ್ಷಕ್ಕೆ 5,000ಕ್ಕೂ ಹೆಚ್ಚು ಸ್ಕ್ರಿಪ್ಟ್ ಬರುತ್ತಿದ್ದವು, ಕ್ವಾರ್ಟರ್‌ಫೈನಲ್‌ಗೆ ಉಳಿಯುತ್ತಿದ್ದದ್ದು ಕೆಲವು ನೂರು. ಕೊನೆಗೆ ಹೆಚ್ಚೆಂದರೆ ಐದು ಮಂದಿಗೆ ತಲಾ 35,000 ಡಾಲರ್. ಇನ್ನೊಂದು, ಅಮೆರಿಕದ ಆಸ್ಟಿನ್ ಚಿತ್ರೋತ್ಸವದ ಸ್ಪರ್ಧೆಯಲ್ಲಿ ಎರಡನೇ ಸುತ್ತು. ಉಳಿದ ಒಂಬತ್ತರಲ್ಲಿ ಕೆಲವು ತಿಂಗಳಿಗೊಮ್ಮೆ ಪ್ರಶಸ್ತಿ ಹಂಚುವಂಥವು. ದುಡ್ಡು ಕಟ್ಟಿದವರಿಗೆಲ್ಲ ಏನೋ ಒಂದು ಎಲೆ ಸಿಗುತ್ತದೆ. ಅವನ್ನು ಒಳ್ಳೆಯ ಎರಡರ ಪಕ್ಕ ಇಟ್ಟರೆ ಒಳ್ಳೆಯದರ ಬೆಲೆಯೂ ಇಳಿಯುತ್ತದೆ ಅಲ್ವಾ?

ನನಗೆ ನಿಜವಾಗಿ ಬೇಜಾರಾಗಿದ್ದು ಮುಂದಿನ ವಿಷಯ ಕೇಳಿ. ಕ್ವಾರ್ಟರ್‌ಫೈನಲ್ ಪಟ್ಟಿಯಲ್ಲಿ ಹೆಸರು ಬಂದಾಗ ಅವರು ಒಂದೂ ಪತ್ರ ಕಳಿಸಿರಲಿಲ್ಲ. "ಸೆಮಿಫೈನಲ್ ಬರಲಿ, ಆಮೇಲೆ ಕಳಿಸೋಣ ಅಂದ್ಕೊಂಡೆ" ಅಂದರು. ಸೆಮಿಫೈನಲ್ ಬರಲಿಲ್ಲ. ಫೇಲಾದೆ ಅಂತ ತಿಂಗಳುಗಟ್ಟಲೆ ಸುಮ್ನೆ ಕೂತರು. ಸ್ಪರ್ಧೆಯ ಸ್ಥಾನ ಬಿಸಿ ಇಡ್ಲಿ ಇದ್ದ ಹಾಗೆ. ಆ ವಾರ ಪಟ್ಟಿ ನೋಡುವ ಕಣ್ಣುಗಳಿರುತ್ತವೆ. ವರ್ಷ ದಾಟಿದ ಮೇಲೆ ಅದೇ ಸಾಲು ಆರಿ ತಣ್ಣಗಾಗಿರುತ್ತದೆ.

ಮೈಕ್ ರಿಚ್ ಅವರ ಉದಾಹರಣೆ ಶ್ರೀಧರ ಮೂರು ಸಲ ಹೇಳಿದರು. ಪೋರ್ಟ್‌ಲ್ಯಾಂಡ್‌ನಲ್ಲಿ ರೇಡಿಯೊ ಸುದ್ದಿ ಓದುತ್ತಿದ್ದವರು, 1998ರಲ್ಲಿ ನಿಕೋಲ್ ಗೆದ್ದರು, 2000ದಲ್ಲಿ ಅದೇ ಸ್ಕ್ರಿಪ್ಟ್ ಶಾನ್ ಕಾನರಿ ನಟಿಸಿದ ಸಿನಿಮಾ ಆಯಿತು. ನಿಜ. ಆದರೆ ಅವರು ಗೆದ್ದವರು. ಗೆದ್ದವರ ಕಥೆ ಇಟ್ಟುಕೊಂಡು ಕ್ವಾರ್ಟರ್‌ಫೈನಲ್‌ನವರು ಫೋನ್ ಕಾಯಬಾರದು.

ನಾನು ಪಾಠ ಹೇಳುವುದು ಬಿಟ್ಟು ಒಂದು ಆಟ ಆಡಿಸಿದೆ. "ಗಾಂಧಿನಗರದಲ್ಲಿ ಪ್ರೊಡ್ಯೂಸರ್ ಎದುರು ಕೂತಿದ್ದೀರಿ. ಅವರಿಗೆ ನಿಕೋಲೂ ಗೊತ್ತಿಲ್ಲ, ಆಸ್ಟಿನ್ನೂ ಗೊತ್ತಿಲ್ಲ. ಕಾಫಿ ಬರೋದ್ರೊಳಗೆ ಕಥೆಯ ಒನ್‌ಲೈನ್ ಹೇಳಿ ಅಂತಾರೆ. ಹೇಳಿ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕನ್ನಡದಲ್ಲೇ ಹೇಳಿದರು: "ಮಗಳ ಬಾಣಂತನಕ್ಕೆ ಸಾಗರದಿಂದ ನ್ಯೂಜೆರ್ಸಿಗೆ ಬಂದ ಅಮ್ಮ. ಇಲ್ಲಿರೋಕೆ ಕೊಟ್ಟ ಆರು ತಿಂಗಳು ಮುಗಿಯೋಕೆ ಒಂದು ವಾರ ಇದೆ. ನಾನು ವಾಪಸ್ ಹೋಗಲ್ಲ ಅಂತಾಳೆ. ಯಾಕೆ ಅಂತ ಮಾತ್ರ ಹೇಳಲ್ಲ."

ನಾನು ಕುರ್ಚಿಯಲ್ಲಿ ಮುಂದಕ್ಕೆ ಬಂದು ಕೂತೆ. ಪಕ್ಕದಲ್ಲಿದ್ದ ಹೆಂಡತಿ "ಇದನ್ನ ನಂಗೇ ಹೇಳಿರಲಿಲ್ಲವಲ್ಲ ನೀವು" ಅಂದರು. ಆ ಕರೆಯಲ್ಲಿ ನನಗೆ ಸಿಕ್ಕ ದೊಡ್ಡ ಸುಳಿವು ಅದೇ. 31 ಸ್ಪರ್ಧೆಗಳ ತೀರ್ಪುಗಾರರು ಓದಿದ್ದಾರೆ, ಮನೆಯವರಿಗೆ ಕಥೆ ಗೊತ್ತಿಲ್ಲ. ಶ್ರೀಧರ ಅವರಿಗೆ ಭಯ ಇದ್ದದ್ದು ಎದುರಿಗೆ ಕೂತ ಮನುಷ್ಯನಿಗೆ ಕಥೆ ಹೇಳುವುದಕ್ಕೆ. ಸ್ಪರ್ಧೆಯಲ್ಲಿ ಮುಖ ನೋಡುವ ಕಷ್ಟ ಇಲ್ಲ. ದುಡ್ಡು ಕಟ್ಟಿ ಅಪ್‌ಲೋಡ್ ಮಾಡಿದರೆ ಪ್ರಯತ್ನ ಮಾಡಿದ ಸಮಾಧಾನ ಸಿಗುತ್ತದೆ.

ಕೊಟ್ಟ ಸಲಹೆ ಹೀಗಿತ್ತು. ಮುಖಪುಟದಿಂದ ಲಾರೆಲ್ ಎಲ್ಲ ತೆಗೆಯಿರಿ, ಕಥೆಯ ಹೆಸರು, ನಿಮ್ಮ ಹೆಸರು, ಫೋನ್, ಇಮೇಲ್ ಸಾಕು. ಪತ್ರದಲ್ಲಿ ಮೊದಲು ಆ ಒನ್‌ಲೈನ್. ಅದರ ಕೆಳಗೆ ನಿಕೋಲ್, ಆಸ್ಟಿನ್, ವರ್ಷ, ಒಂದೇ ಸಾಲಿನಲ್ಲಿ. ಬರೀ ಕ್ವಾರ್ಟರ್‌ಫೈನಲ್ ಅಂತ ಅಳುಕಬೇಡಿ, ಫೈನಲ್ ಅಂತ ಉಬ್ಬಿಸಲೂಬೇಡಿ. ಆ ಸಾಲಿನ ಕೆಲಸ ಇಷ್ಟೇ: ದಿನಕ್ಕೆ ರಾಶಿ ಪತ್ರ ನೋಡುವವರಿಗೆ, ಈ ಸ್ಕ್ರಿಪ್ಟನ್ನು ಬೇರೆ ಯಾರೋ ಓದಿ ಪರವಾಗಿಲ್ಲ ಅಂದಿದ್ದಾರೆ ಅಂತ ಹೇಳುವುದು. ಅದು ಓದಿಸುತ್ತದೆ, ಕೊಳ್ಳಿಸುವುದಿಲ್ಲ. ಅಮೆರಿಕದ ದೊಡ್ಡ ಸ್ಟುಡಿಯೊಗಳು ಕೇಳದೆ ಬಂದ ಸ್ಕ್ರಿಪ್ಟನ್ನು ತೆರೆಯುವುದೇ ಇಲ್ಲ, ನಾಳೆ ಕಥೆ ಕದ್ದರು ಅಂತ ಕೇಸ್ ಆದೀತು ಅನ್ನುವ ಭಯ. ಹಾಗಾಗಿ ಹೊಸಬರ ಪತ್ರ ಹೋಗಬೇಕಾದ್ದು ಮ್ಯಾನೇಜರ್‌ಗಳಿಗೆ, ಸಣ್ಣ ನಿರ್ಮಾಪಕರಿಗೆ.

ಆಸ್ಟಿನ್‌ಗೆ ಅಕ್ಟೋಬರಿನಲ್ಲಿ ಖುದ್ದಾಗಿ ಹೋಗಿ ಅಂದೆ. ಅಲ್ಲಿ ಬರಹಗಾರರ ಸಮ್ಮೇಳನ ನಡೆಯುತ್ತದೆ, ನಿರ್ಮಾಪಕರೂ ಮ್ಯಾನೇಜರ್‌ಗಳೂ ಓಡಾಡುತ್ತಿರುತ್ತಾರೆ. ಹತ್ತು ಸ್ಪರ್ಧೆಯ ಶುಲ್ಕ ಉಳಿಸಿದರೆ ವಿಮಾನದ ಟಿಕೆಟ್ ಆಗುತ್ತದೆ. ನಿಕೋಲ್ ಅನ್ನೇ ನಂಬಿ ಕೂರಬೇಡಿ ಅಂತಲೂ ಹೇಳಿದೆ. 2025ರಿಂದ ಅದಕ್ಕೆ ನೇರ ಪ್ರವೇಶ ಇಲ್ಲ, ಬ್ಲ್ಯಾಕ್ ಲಿಸ್ಟ್ ಅನ್ನುವ ಸ್ಕ್ರಿಪ್ಟ್ ವೆಬ್‌ಸೈಟ್ ಮೂಲಕವೋ ವಿಶ್ವವಿದ್ಯಾಲಯಗಳ ಮೂಲಕವೋ ಹೋಗಬೇಕು.

ಎಲ್ಲಕ್ಕಿಂತ ಜಾಸ್ತಿ ಒತ್ತಿ ಹೇಳಿದ್ದು ಎರಡನೇ ಸ್ಕ್ರಿಪ್ಟ್ ಬಗ್ಗೆ. ಓದಿ ಇಷ್ಟಪಟ್ಟವರು ಕೇಳುವ ಮುಂದಿನ ಪ್ರಶ್ನೆ "ಇನ್ನೇನು ಬರೆದಿದ್ದೀರಿ?" ಅಂತ. ಎರಡು ವರ್ಷ ಒಂದೇ ಸ್ಕ್ರಿಪ್ಟನ್ನು ಸ್ಪರ್ಧೆಯಿಂದ ಸ್ಪರ್ಧೆಗೆ ಉಜ್ಜುತ್ತಿದ್ದ ಶ್ರೀಧರ ಅವರ ಹತ್ತಿರ ಉತ್ತರವೇ ಇರಲಿಲ್ಲ.

ನಾಲ್ಕು ತಿಂಗಳಾಯಿತು. 22 ಪತ್ರ ಹೋಗಿವೆ, ಮೂವರು ಸ್ಕ್ರಿಪ್ಟ್ ತರಿಸಿಕೊಂಡಿದ್ದಾರೆ. ಒಬ್ಬರು ಓದಿ, ಅಮ್ಮನ ಪಾತ್ರ ಚೆನ್ನಾಗಿದೆ, ಆದರೆ ಅರ್ಧ ಮಾತು ಕನ್ನಡದಲ್ಲಿರುವ ಸಿನಿಮಾಕ್ಕೆ ಹಣ ಹಾಕುವವರನ್ನು ಹುಡುಕುವುದು ಕಷ್ಟ ಅಂತ ಬರೆದಿದ್ದಾರೆ. ನಿರೀಕ್ಷಿಸಿದ ಹಾಗೇ ಕೊನೆಗೆ ಕೇಳಿದ್ದಾರೆ, ಇನ್ನೇನಿದೆ ಅಂತ. ಎರಡನೆಯದು 40ನೇ ಪುಟದಲ್ಲಿದೆ.

ಈ ವರ್ಷ ಎರಡೇ ಸ್ಪರ್ಧೆ ಅಂತ ಒಪ್ಪಂದವಾಗಿತ್ತು. ಮೂರನೆಯದಕ್ಕೂ ದುಡ್ಡು ಕಟ್ಟಿದ್ದು ಕಾರ್ಡಿನ ಬಿಲ್ಲಿನಲ್ಲಿ ಸಿಕ್ಕಿಬಿದ್ದಿದೆ. ನಿನ್ನೆ ಅವರ ಹೆಂಡತಿ ಫೋನ್ ಮಾಡಿದ್ದರು.