ಮುಂಜಾನೆ ಐದು ಬಾಗಿಲು, ಆಮೇಲೆ ಮೂರು

ಜಪಾನಿನ ಕೆಯ್ಹಾನ್ ಎಂಬ ಖಾಸಗಿ ರೈಲ್ವೆಯಲ್ಲಿ ಓಡುತ್ತಿದ್ದ 5000 ಸರಣಿಯ ವಿದ್ಯುತ್ ಲೋಕಲ್ ಗಾಡಿಯ ಚಿತ್ರವನ್ನು ಹಿಂದಿನ ಸಂಚಿಕೆಯಲ್ಲಿ ಹಾಕಿದ್ದೆವು. ಅದನ್ನು ನೋಡಿ ಬಂದ ಪ್ರಶ್ನೆಗಳಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರ.

ಪ್ರಶ್ನೆ: ಒಂದು ಡಬ್ಬಿಯ ಒಂದೇ ಮಗ್ಗುಲಿಗೆ ಐದು ಬಾಗಿಲಾದ್ರ ಮಂದಿ ಕೂಡೋದೆಲ್ಲಿ? ಸೀಟು ಛತ್ತಿನಿಂದ ಇಳೀತಾವು ಅಂತ ಬರೆದೀರಿ, ಖರೇನ್ರಿ? (ವಿಜಯಪುರದಿಂದ)

ಉತ್ತರ: ಖರೇ. ಡಬ್ಬಿಯ ಉದ್ದ ಸುಮಾರು 18 ಮೀಟರ್ ಮಾತ್ರ. ಐದು ಬಾಗಿಲಲ್ಲಿ ಎರಡನೆಯದು ಮತ್ತು ನಾಲ್ಕನೆಯದು ಬೆಳಗಿನ ಗದ್ದಲಕ್ಕಷ್ಟೇ ತೆರೆಯುತ್ತಿದ್ದವು. ಗದ್ದಲ ಮುಗಿದ ಮೇಲೆ ಅವೆರಡನ್ನೂ ಬಂದ್ ಮಾಡಿ, ಅದೇ ಬಾಗಿಲಿಗೆ ಅಡ್ಡವಾಗಿ ಸೀಟು ಇಳಿಸುತ್ತಿದ್ದರು. ಬೆನ್ನು ಆನಿಸುವ ಹಲಗೆ ಸಮೇತ ಇಡೀ ಬೆಂಚು ಛತ್ತಿಗೆ ಹತ್ತಿ ಕೂತಿರುತ್ತಿತ್ತು; ಕೆಳಗೆ ಬಂದರೆ ಅಕ್ಕಪಕ್ಕದ ಸೀಟಿನ ಸಾಲಿಗೆ ಸರಿಯಾಗಿ ಸೇರಿಕೊಳ್ಳುತ್ತಿತ್ತು. ಬೆನ್ನ ಹಿಂದೆ ಬಾಗಿಲಿದೆ ಅನ್ನೋದು ಬಾಗಿಲ ಮೇಲ್ಭಾಗದ ಗಾಜು ನೋಡಿದರೆ ಮಾತ್ರ ಗೊತ್ತಾಗಬೇಕು. ಜನರಿದ್ದಾಗ ಈ ಕೆಲಸ ಮಾಡುವಂತಿಲ್ಲ. ಗಾಡಿ ಖಾಲಿಯಾದ ಮೇಲೆಯೇ ಸೀಟು ಇಳಿಸೋದು, ಏರಿಸೋದು.

ಪ್ರಶ್ನೆ: ಇಷ್ಟು ತ್ರಾಸ ತಗೊಳ್ಳೋಕಿಂತ ಇನ್ನೊಂದು ಡಬ್ಬಿ ಜೋಡಿಸಿದ್ರ ಆಗ್ತಿರಲಿಲ್ಲೇನು? (ಬಾಗಲಕೋಟೆಯಿಂದ)

ಉತ್ತರ: ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ಈ ಗಾಡಿ ಬಂದದ್ದು 1970ರಲ್ಲಿ. ಒಸಾಕಾ ಮತ್ತು ಕ್ಯೋಟೋ ನಡುವಿನ ಈ ಮಾರ್ಗದ ತಂತಿಯಲ್ಲಿ ಆಗ ಹರಿಯುತ್ತಿದ್ದದ್ದು 600 ವೋಲ್ಟ್ ಡಿಸಿ. ವೋಲ್ಟ್ ಕಡಿಮೆಯಿದ್ದರೆ ಅಷ್ಟೇ ಶಕ್ತಿಗೆ ಹೆಚ್ಚು ಆಂಪಿಯರ್ ಎಳೆಯಬೇಕು. ಲೆಕ್ಕಕ್ಕೆಂದು ಒಂದು ಗಾಡಿಗೆ 1,500 ಕಿಲೋವ್ಯಾಟ್ ಬೇಕು ಅಂತ ಹಿಡಿಯಿರಿ: 1,500 ವೋಲ್ಟ್ ಇದ್ದರೆ 1,000 ಆಂಪಿಯರ್ ಸಾಕು, 600 ವೋಲ್ಟಿಗೆ 2,500 ಬೇಕು. ತಂತಿ ಕಾದು ಹೋಗುವ ನಷ್ಟವಂತೂ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. ಎರಡೂವರೆ ಪಟ್ಟು ಕರೆಂಟಿಗೆ ಆರೂಕಾಲು ಪಟ್ಟು ನಷ್ಟ. ಸಬ್‌ಸ್ಟೇಷನ್ನಿನಿಂದ ದೂರ ಹೋದಂತೆ ವೋಲ್ಟೇಜ್ ಬೀಳುತ್ತದೆ. ಟಿಸಿಯಿಂದ (ಕರೆಂಟಿನ ಟ್ರಾನ್ಸ್‌ಫಾರ್ಮರಿನಿಂದ) ದೂರದ ಹೊಲದಲ್ಲಿ ಬೋರಿನ ಮೋಟರು ಗುಂಯ್ ಅಂತ ಸದ್ದು ಮಾಡಿ ತಿರುಗದೆ ನಿಲ್ಲುತ್ತದಲ್ಲ, ಅದೇ ತೊಂದರೆ. ಹೀಗಾಗಿ ಏಳು ಡಬ್ಬಿಯ ಗಾಡಿಗೆ ಎಂಟನೆಯದನ್ನು ಜೋಡಿಸುವಂತಿರಲಿಲ್ಲ.

ಉಳಿದದ್ದು ಒಂದೇ ದಾರಿ, ನಿಲ್ದಾಣದಲ್ಲಿ ನಿಲ್ಲುವ ಹೊತ್ತನ್ನು ಕಡಿಮೆ ಮಾಡೋದು. ಡಬ್ಬಿಗೆ ಮೂರರಂತೆ ಏಳು ಡಬ್ಬಿಗೆ 21 ಬಾಗಿಲು, ಐದರಂತೆ 35. ಒಂದು ನಿಲ್ದಾಣದಲ್ಲಿ 420 ಮಂದಿ ಇಳಿದರೆ ಬಾಗಿಲಿಗೆ 20ರ ಬದಲು 12 ಮಂದಿ. ಉಳಿಯೋದು ಕೆಲವೇ ಸೆಕೆಂಡು ಇರಬಹುದು. ಹಿಂದೆ ಇನ್ನೊಂದು ಗಾಡಿ ಸಿಗ್ನಲ್ ಕಾಯುತ್ತ ನಿಂತಿರುವಾಗ ಆ ಕೆಲವು ಸೆಕೆಂಡಿಗೇ ಬೆಲೆ. 1983ರ ಡಿಸೆಂಬರಿನಲ್ಲಿ ಮಾರ್ಗವನ್ನು 1,500 ವೋಲ್ಟಿಗೆ ಏರಿಸಿದ ಮೇಲೆ ಉದ್ದದ ಗಾಡಿಗಳಿಗೆ ಹಾದಿ ಸಿಕ್ಕಿತು.

ಪ್ರಶ್ನೆ: ಬಾಗಿಲು ಹೆಚ್ಚಾದಷ್ಟೂ ಕೆಡುವುದೂ ಹೆಚ್ಚಲ್ಲವೇ? ಈ ಗಾಡಿ ಯಾಕೆ ನಿಂತಿತು? (ಬೆಳಗಾವಿಯಿಂದ)

ಉತ್ತರ: ಹೌದು. ಪ್ರತಿ ಬಾಗಿಲಿಗೂ ತೆರೆದು ಮುಚ್ಚುವ ಯಂತ್ರ, ಜಾರುವ ಪಟ್ಟಿ, ಮುಚ್ಚಿದೆಯೋ ಇಲ್ಲವೋ ಹೇಳುವ ಸ್ವಿಚ್ ಬೇಕು. ಎಲ್ಲ ಬಾಗಿಲೂ ಮುಚ್ಚದ ಹೊರತು ಮೋಟರಿಗೆ ಕರೆಂಟ್ ಹೋಗದು. 35ರಲ್ಲಿ ಒಂದಕ್ಕೆ ಬ್ಯಾಗಿನ ಪಟ್ಟಿ ಸಿಕ್ಕರೂ ಇಡೀ ಗಾಡಿ ನಿಂತಲ್ಲೇ. ಯಾವ ಡಬ್ಬಿಯಲ್ಲಿ ಅಂತ ಗೊತ್ತಾಗಲೆಂದು ಡಬ್ಬಿಯ ಹೊರಮೈಗೆ ಕೆಂಪು ದೀಪ ಇರುತ್ತದೆ. ಬಾಗಿಲು ತೆರೆದಿರುವಷ್ಟು ಹೊತ್ತು ಅದು ಉರಿಯುತ್ತದೆ. ಇನ್ನು ತೂಕ: ಬಾಗಿಲು, ಇಳಿಯುವ ಸೀಟು ಎಲ್ಲ ಸೇರಿ ಭಾರ ಏರುವುದರಿಂದ ಮೈಯನ್ನು ಅಲ್ಯೂಮಿನಿಯಮ್ಮಿನಲ್ಲಿ ಮಾಡಿದರು.

ಗಾಡಿಗೆ ಮುಳುವಾದದ್ದು ಮಾತ್ರ ಕೆಡುವಿಕೆಯಲ್ಲ, ಪ್ಲಾಟ್‌ಫಾರ್ಮಿನ ಅಂಚಿಗೆ ಹಾಕುವ ತಡೆಬಾಗಿಲು. ಅವು ತೆರೆಯುವ ಜಾಗ ಒಂದೇ ಕಡೆ ಗಟ್ಟಿ. ಮೂರು ಬಾಗಿಲಿನ ಗಾಡಿಗೆ ಹೊಂದಿಸಿದರೆ ಐದು ಬಾಗಿಲಿನದಕ್ಕೆ ಹೊಂದದು. ಕ್ಯೋಬಾಶಿ ನಿಲ್ದಾಣದಲ್ಲಿ ತಡೆಬಾಗಿಲು ಹಾಕುವ ಹೊತ್ತಿಗೆ, 2021ರ ಜನವರಿಯಲ್ಲಿ ಐದು ಬಾಗಿಲು ತೆರೆಯೋದು ನಿಂತಿತು. ಅದೇ ವರ್ಷ ಗಾಡಿಯೂ ನಿವೃತ್ತಿಯಾಯಿತು. ಟೋಕಿಯೋದ ಯಾಮಾನೋತೆ ಮಾರ್ಗದಲ್ಲಿದ್ದ ಆರು ಬಾಗಿಲಿನ ಡಬ್ಬಿಗಳನ್ನೂ ಇದೇ ಕಾರಣಕ್ಕೆ ತೆಗೆದರು.

ಪ್ರಶ್ನೆ: ಮಿರಜ್ ಕಡೆಯ ನಮ್ಮ ಪ್ಯಾಸೆಂಜರಿಗೂ ಇಂಥ ಡಬ್ಬಿ ಹಾಕಬಹುದೇ? (ರಾಯಬಾಗದಿಂದ)

ಉತ್ತರ: ಆ ಗಾಡಿಯನ್ನೇ ತಂದು ಓಡಿಸಲಾಗದು. ಅದರ ಹಳಿಯ ಅಗಲ 1,435 ಮಿಲಿಮೀಟರ್, ನಮ್ಮದು 1,676. ನಮ್ಮ ತಂತಿಯಲ್ಲಿ 25,000 ವೋಲ್ಟ್ ಎಸಿ. ಹೊಸದಾಗಿ ಮಾಡಿಸಿದರೂ ಫಲ ಕಡಿಮೆ ಅನ್ನೋದು ನಮ್ಮ ಅಭಿಪ್ರಾಯ. ಅಲ್ಲಿ ಡಬ್ಬಿಯ ನೆಲ ಮತ್ತು ಪ್ಲಾಟ್‌ಫಾರ್ಮು ಹೆಚ್ಚುಕಡಿಮೆ ಒಂದೇ ಮಟ್ಟ. ಜನ ನಡೆದು ಹೊರಬರುತ್ತಾರೆ. ನಮ್ಮಲ್ಲಿ ತಗ್ಗು ಪ್ಲಾಟ್‌ಫಾರ್ಮಿನಿಂದ ಕಬ್ಬಿಣದ ಮೆಟ್ಟಿಲು ಹಿಡಿದು, ಜ್ವಾಳದ ಚೀಲ, ಹುಡುಗರನ್ನು ಎತ್ತಿಕೊಂಡು ಏರಬೇಕು. ಹೊತ್ತು ಹೋಗೋದು ಅಲ್ಲಿ. ಸಣ್ಣ ನಿಲ್ದಾಣಗಳ ಪ್ಲಾಟ್‌ಫಾರ್ಮು ಎತ್ತರಿಸಲು ಅರ್ಜಿ ಕೊಡುವುದಾದರೆ ಗಾಡಿಯ ನಂಬರು, ತಾರೀಖು, ನಿಂತ ಮತ್ತು ಹೊರಟ ಸಮಯವನ್ನು ಸೆಕೆಂಡು ಸಮೇತ ಒಂದು ವಾರ ಬರೆದಿಟ್ಟು ಜೊತೆಗೆ ಲಗತ್ತಿಸಿ.