ನೇಕಾರರ ಕತ್ತುನೋವಿಗೆ ಮೊದಲ ಮದ್ದು ಕನ್ನಡಕ

ಓದುಗರೊಬ್ಬರ ಪತ್ರದ ಸಾರ: ‘ತಂದೆಯವರಿಗೆ ಈಗ 67 ವರ್ಷ. ಹುಡುಗನಾಗಿದ್ದಾಗಿನಿಂದ ಕೈಮಗ್ಗದಲ್ಲಿ ಕೂತವರು. ಈಚೆಗೆ ಕತ್ತು, ಸೊಂಟ, ಬಲಭುಜ ಮೂರೂ ನೋಯುತ್ತವೆ. ನೇಯುವುದನ್ನು ನಿಲ್ಲಿಸಿ ಎಂದು ವೈದ್ಯರು ಹೇಳಿದರೂ ಅವರು ಕೇಳುತ್ತಿಲ್ಲ. ಮಗ್ಗವನ್ನು ಮಾರಿಬಿಡಲೇ? ಅಥವಾ ಒಂದಷ್ಟು ವ್ಯಾಯಾಮ ಮಾಡಿಸಿದರೆ ಸಾಕೇ?’

ಸಂಪಾದಕರ ಉತ್ತರ:

ಮಗ್ಗವನ್ನು ಮಾರಬೇಡಿ. ವ್ಯಾಯಾಮದ ಮಾತನ್ನೂ ಸದ್ಯಕ್ಕೆ ಬದಿಗಿಡೋಣ. ದಿನಕ್ಕೆ ಏಳೆಂಟು ಗಂಟೆ ಬೆನ್ನು ಬಾಗಿಸಿ ಕೂರಿಸುವ ಮಗ್ಗವನ್ನು ಹಾಗೆಯೇ ಬಿಟ್ಟು, ಬೆಳಿಗ್ಗೆ ಹತ್ತು ನಿಮಿಷ ಬೆನ್ನು ನೆಟ್ಟಗೆ ಮಾಡಿಸುವುದು ತೂತು ಬಿದ್ದ ಮಡಕೆಗೆ ನೀರು ಹೊಯ್ದಂತೆ. ಮೊದಲು, ತಂದೆಯವರು ನೇಯುವಾಗ ಸ್ವಲ್ಪ ದೂರದಲ್ಲಿ ಕೂತು ನೋಡಿ. ಅಡ್ಡ ಎಳೆಯನ್ನು ಹೊತ್ತ ಲಾಳಿ ಓಡುತ್ತಿರುವಾಗ ಬೆನ್ನು ಹೇಗಿದೆ? ಹಾಸಿನಲ್ಲಿ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆಗಳಲ್ಲಿ, ಒಂದು ಕಡಿದಾಗ ಹೇಗಾಗುತ್ತದೆ? ಕಡಿದ ತುದಿಯನ್ನು ಹುಡುಕಲು ಮೂಗು ಎಳೆಗಳಿಗೆ ತಾಗುವಷ್ಟು ಬಗ್ಗುತ್ತಿದ್ದರೆ, ಅವರ ಕತ್ತುನೋವಿನ ಮೂಲ ಕಣ್ಣಿನಲ್ಲಿರುವ ಸಾಧ್ಯತೆಯೇ ಹೆಚ್ಚು.

ನಲವತ್ತು ದಾಟಿದರೆ ಹತ್ತಿರದ ದೃಷ್ಟಿ ಮಂದವಾಗುತ್ತದೆ, ಇದು ಎಲ್ಲರಿಗೂ ಗೊತ್ತು. ಕನ್ನಡಕದ ಲೆಕ್ಕವನ್ನು ಮಾತ್ರ ಯಾರೂ ಮಗ್ಗದ ಮುಂದೆ ಕೂತು ಮಾಡುವುದಿಲ್ಲ. ಓದುವ ಕನ್ನಡಕವನ್ನು ಕೊಡುವುದು ಪುಸ್ತಕ ಹಿಡಿಯುವ ದೂರಕ್ಕೆ, ಅಂದರೆ ಸುಮಾರು 40 ಸೆಂಟಿಮೀಟರಿಗೆ. ನೆಟ್ಟಗೆ ಕೂತ ನೇಕಾರರ ಕಣ್ಣಿನಿಂದ ಹೊಕ್ಕಿನ, ಅಂದರೆ ಅಡ್ಡ, ಎಳೆ ಬೀಳುವ ಜಾಗ 60 ಸೆಂಟಿಮೀಟರ್ ದೂರದಲ್ಲಿರಬಹುದು. ದೂರದೃಷ್ಟಿ ಸರಿಯಿದ್ದ ವೃದ್ಧರಿಗೆ ಎರಡೂವರೆ ಪವರಿನ ಮಸೂರ 40ರಲ್ಲಿ ಸ್ಪಷ್ಟವಾಗಿ ತೋರಿಸುತ್ತದೆ, 60ರಲ್ಲಿ ಮಸುಕು. ಉಳಿದ 20 ಸೆಂಟಿಮೀಟರನ್ನು ಕತ್ತು ಮತ್ತು ಸೊಂಟ ದಿನವಿಡೀ ಬಗ್ಗಿ ತುಂಬಿಕೊಡುತ್ತವೆ. 60ಕ್ಕೆ ಬೇಕಾದದ್ದು ಒಂದೂಮುಕ್ಕಾಲರ ಆಸುಪಾಸಿನ ಪವರ್. ಆದ್ದರಿಂದ ತಂದೆಯವರನ್ನು ನೆಟ್ಟಗೆ ಕೂರಿಸಿ, ಕಣ್ಣಿನ ಪಕ್ಕದಿಂದ ನೇಯುವ ಜಾಗದವರೆಗೆ ಟೇಪು ಹಿಡಿದು ಅಳೆಯಿರಿ. ಆ ಅಳತೆಯ ಚೀಟಿಯನ್ನು ಕಣ್ಣು ಪರೀಕ್ಷಿಸುವವರ ಕೈಗೆ ಕೊಟ್ಟು, ಮಗ್ಗಕ್ಕೆಂದೇ ಬೇರೆ ಕನ್ನಡಕ ಕೇಳಿ.

ಇನ್ನು ಬೆಳಕು. ಅರವತ್ತರ ಕಣ್ಣಿನಲ್ಲಿ ಪಾಪೆ ಕಿರಿದಾಗಿರುತ್ತದೆ, ಮಸೂರ ಹಳದಿಗಟ್ಟಿರುತ್ತದೆ. ಇಪ್ಪತ್ತರ ಕಣ್ಣಿನ ಒಳಪರದೆಗೆ ತಲುಪುವ ಬೆಳಕಿನ ಸುಮಾರು ಮೂರನೇ ಒಂದು ಭಾಗವಷ್ಟೇ ಅರವತ್ತರ ಕಣ್ಣಿನ ಒಳಪರದೆಗೆ ತಲುಪುತ್ತದೆ. ‘ನನಗೆ ಚೆನ್ನಾಗಿಯೇ ಕಾಣುತ್ತಿದೆಯಲ್ಲ’ ಎಂಬ ನಿಮ್ಮ ತೀರ್ಮಾನ ಇಲ್ಲಿ ಸಲ್ಲದು. ದೀಪವನ್ನು ಬಟ್ಟೆಯ ಪಕ್ಕದಲ್ಲಿ, ತಗ್ಗಿನಲ್ಲಿ ಇಡಿ. ಓರೆಯಾಗಿ ಬಿದ್ದ ಬೆಳಕಿನಲ್ಲಿ ಎಳೆಗಳು ಬಿಡಿಬಿಡಿಯಾಗಿ ಎದ್ದು ಕಾಣುತ್ತವೆ. ಎದುರಿನಿಂದ ಕಣ್ಣಿಗೆ ಹೊಡೆಯುವ ಬಲ್ಬು, ಅದರಲ್ಲೂ ಪೊರೆ ಬರುತ್ತಿರುವವರಿಗೆ, ಕತ್ತಲೆಗಿಂತ ಕಡೆ. ಖರ್ಚಿಲ್ಲದ ಉಪಾಯವೂ ಒಂದಿದೆ: ಬಿಳಿ ಹಾಸಿನ ಅಡಿಯಲ್ಲಿ ಕಪ್ಪು ಬಟ್ಟೆಯನ್ನೋ ರಟ್ಟನ್ನೋ ಹರಡಿ, ಕಪ್ಪು ಹಾಸಾದರೆ ಬಿಳಿ ಕಾಗದ. ಕಡಿದ ಎಳೆಯ ಜಾಗದಲ್ಲಿ ಸಣ್ಣ ಗೆರೆಯಂಥ ಸಂದು ತಾನಾಗಿ ಕಾಣುತ್ತದೆ, ತಡಕಾಡಬೇಕಾಗಿಲ್ಲ.

ಬಲಭುಜದ ಕಥೆ ಬೇರೆ. ಜಾನ್ ಕೇ ಎಂಬ ಇಂಗ್ಲಿಷ್ ಕುಶಲಕರ್ಮಿ 1733ರಲ್ಲಿ ಹಗ್ಗ ಎಳೆದು ಲಾಳಿ ಹಾರಿಸುವ ಏರ್ಪಾಡಿಗೆ ಪೇಟೆಂಟ್ ಪಡೆದದ್ದು ಕೆಲಸ ಬೇಗ ಸಾಗಲೆಂದು. ಅಗಲದ ಬಟ್ಟೆಗಾಗಿ ಎರಡೂ ಬದಿಗೆ ಚಾಚುತ್ತಿದ್ದ ತೋಳುಗಳಿಗೆ ಅದರಿಂದ ಬಿಡುವು ಸಿಕ್ಕಿತು, ಆದರೆ ಜಗ್ಗುವ ಕೆಲಸವೆಲ್ಲ ಒಂದೇ ಕೈಗೆ ಬಿತ್ತು. ತಂದೆಯವರ ಮಗ್ಗದಲ್ಲೂ ಆ ಹಗ್ಗದ ಹಿಡಿಕೆ ಎತ್ತರದಲ್ಲಿ ತೂಗುತ್ತಿದ್ದರೆ ಪ್ರತಿ ಎಳೆತಕ್ಕೂ ಮೊಣಕೈ ಮೇಲೇಳುತ್ತದೆ. ಹಗ್ಗವನ್ನು ಉದ್ದ ಮಾಡಿ ಹಿಡಿಕೆಯನ್ನು ಮೊಣಕೈ ಮಟ್ಟದ ಹತ್ತಿರಕ್ಕೆ ಇಳಿಸಿ. ಲಾಳಿ ಓಡುವ ಹಲಗೆಯನ್ನು ನಯಗೊಳಿಸಿ ಮೇಣ ಸವರಿ. ಲಾಳಿ ಸಲೀಸಾಗಿ ಓಡಿದಷ್ಟೂ ಭುಜಕ್ಕೆ ಬೀಳುವ ಜಗ್ಗು ಕಡಿಮೆ.

ಕೂರುವ ಹಲಗೆಯನ್ನೂ ನೋಡಿ. ಗಟ್ಟಿ ಮರದ ಮೇಲೆ ವರ್ಷಗಟ್ಟಲೆ ಕೂತರೆ ಕುಂಡಿಯ ಮೂಳೆಯ ಕೆಳಗಿನ ದ್ರವದ ಚೀಲ ಉರಿಗೊಂಡು ನೋಯುತ್ತದೆ. ಆ ಕಾಯಿಲೆಗೆ ಇಂಗ್ಲಿಷಿನಲ್ಲಿ ನೇಕಾರರ ಹೆಸರೇ ಅಂಟಿಕೊಂಡಿದೆ. ದಪ್ಪ ಮೆತ್ತೆ ಹಾಕಿ, ಹಲಗೆಯನ್ನು ಮುಂದಕ್ಕೆ ತುಸು ಇಳಿಜಾರಾಗಿಸಿ. ಸೊಂಟ ಮಂಡಿಗಿಂತ ಸ್ವಲ್ಪ ಎತ್ತರದಲ್ಲಿದ್ದರೆ ಬೆನ್ನು ತಾನೇ ನೆಟ್ಟಗಾಗುತ್ತದೆ. ಇರಾನಿನ ರತ್ನಗಂಬಳಿ ನೇಯುವವರ ಬಗ್ಗೆ ನಡೆದ ಅಧ್ಯಯನಗಳೂ ಎತ್ತರದ, ಮುಂದಕ್ಕೆ ಇಳಿಜಾರಾದ ಆಸನವನ್ನೇ ಮೆಚ್ಚಿವೆ. ಅಡ್ಡಲಾಗಿ ಹಾಸಿದ ಮಗ್ಗದಲ್ಲಿ ಬಟ್ಟೆ ಸುತ್ತುವ ದಿಂಡಿಗಿಂತ ಮೊಣಕೈ ಕೂದಲೆಳೆಯಷ್ಟು ಮೇಲಿರಲಿ. ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಗುಂಡಿ ಮಗ್ಗವಾದರೆ ಹತ್ತಿ ಇಳಿಯುವುದೇ ಮಂಡಿಗೆ ಶಿಕ್ಷೆ. ಹಿಡಿದು ಏಳಲು ಗಟ್ಟಿಯಾದೊಂದು ಕಂಬ ಮತ್ತು ನಡುವೆ ಒಂದು ಮೆಟ್ಟಿಲು ಬೇಕೇ ಬೇಕು.

ಇದನ್ನೆಲ್ಲ ಒಂದೇ ದಿನ ಮಾಡಲು ಹೋಗಬೇಡಿ. ದಶಕಗಳಿಂದ ಪಳಗಿದ ಕೈಕಾಲುಗಳ ಲಯ ಕೆಡುತ್ತದೆ, ಬಟ್ಟೆ ಒಂದೆಡೆ ಬಿಗಿಯಾಗಿ ಇನ್ನೊಂದೆಡೆ ಸಡಿಲಾಗುತ್ತದೆ, ತಂದೆಯವರು ಸಿಟ್ಟಾಗಿ ಹಳೆಯದನ್ನೇ ತನ್ನಿ ಎನ್ನುತ್ತಾರೆ. ಅವರ ಸಿಟ್ಟು ನ್ಯಾಯವಾದದ್ದೇ. ಒಂದು ಬದಲಾವಣೆ ಕೈಗೆ ಹತ್ತಿದ ಮೇಲೆ ಇನ್ನೊಂದು.

ಅರ್ಧ ಗಂಟೆಗೊಮ್ಮೆ ಎದ್ದು ನಡೆಯಿರಿ ಎಂದು ಎಲ್ಲರೂ ಹೇಳುತ್ತಾರೆ. ಮೀಟರಿನ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಎದ್ದ ಪ್ರತಿ ನಿಮಿಷವೂ ಕಡಿತ. ಹಾಗಾಗಿ ವಿರಾಮವನ್ನು ಉಪದೇಶಿಸುವ ಮುನ್ನ ನೂಲು ಕೊಟ್ಟು ನೇಯಿಸುವವರೊಂದಿಗೆ ಮಾತನಾಡಿ: ಹಿರಿಯರಿಗೆ ಗಡುವು ಸಡಿಲವಾಗಲಿ, ಬದಲಾವಣೆಗೆ ಒಗ್ಗಿಕೊಳ್ಳುವ ವಾರಗಳ ನಷ್ಟದಲ್ಲಿ ಅವರೂ ಪಾಲು ಹೊರಲಿ. ಅವರು ಒಪ್ಪದಿದ್ದರೆ ಕಂಡಿಕೆ, ಅಂದರೆ ಲಾಳಿಯೊಳಗೆ ಇಡುವ ನೂಲಿನ ಉರುಳೆ, ಸುತ್ತುವ ಕೆಲಸವನ್ನು ತಂದೆಯವರ ದಿನದ ನಡುನಡುವೆ ಸೇರಿಸಿ. ರಾಟೆಯನ್ನು ಮೇಜಿನ ಮೇಲೆ ಎತ್ತಿಟ್ಟು ನಿಂತು ಸುತ್ತಿದರೆ ಕೆಲಸವೂ ಆಯಿತು, ಕಾಲೂ ಚಾಚಿದಂತಾಯಿತು.

ನೀವು ಕೇಳಿದ ವ್ಯಾಯಾಮಗಳನ್ನು ತಂದೆಯವರನ್ನು ಕಣ್ಣಾರೆ ನೋಡಿದ ಫಿಸಿಯೋಥೆರಪಿಸ್ಟ್ ಹೇಳಲಿ. ರಾತ್ರಿ ಹೊತ್ತು ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುವುದು, ಹಿಡಿದ ಲಾಳಿ ಕೈಜಾರುವುದು, ಒಂದೇ ಕಾಲು ಊದಿಕೊಳ್ಳುವುದು ಕಂಡರೆ ಮಾತ್ರ ಮಗ್ಗದ ರಿಪೇರಿಗೆ ಕಾಯದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಕಾಲಿನ ಊತವಾದರೆ ಅದೇ ದಿನ.