ಊಟದ ಮುಂಚೆ ಅವರು ಕೈ ಚಾಚಿದರೆ, ಹಿಡಿದುಕೊಳ್ಳಿ

ಟೆನೆಸ್ಸಿಗೆ ಬಂದು ಇನ್ನೂ ಸರಿಯಾಗಿ ಸಾಮಾನು ಬಿಚ್ಚಿಲ್ಲ, ಆಗಲೇ ಆಫೀಸಿನವರೊಬ್ಬರು ನಿಮ್ಮನ್ನೂ ಹೆಂಡತಿ ಮಗಳನ್ನೂ ಇಲ್ಲಿನ ಕೃತಜ್ಞತೆಯ ಹಬ್ಬವಾದ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಕರೆದಿದ್ದಾರೆ. ಸಂತೋಷ. ಅವರ ಮನೆಯಲ್ಲಿ ಎಲ್ಲರೂ ಕೈ ಕೈ ಹಿಡಿದು ಪ್ರಾರ್ಥನೆ ಮಾಡಿ ಆಮೇಲೆ ಊಟ ಮಾಡುತ್ತಾರಂತೆ, ಈ ಕಾಲದಲ್ಲೂ ಇದೆಲ್ಲ ಇದೆಯಾ, ನಾವು ಹಿಂದೂಗಳು ಏನು ಮಾಡಬೇಕು ಅಂತ ಕೇಳಿದ್ದೀರಿ.

ಇದೆ. ಅಮೆರಿಕದ ಈ ದಕ್ಷಿಣದ ರಾಜ್ಯಗಳಲ್ಲಂತೂ ಜಾಸ್ತಿಯೇ ಇದೆ. ಅವತ್ತು ಏನಾಗುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ.

ಮಾಡಿದ್ದೆಲ್ಲ ಮೇಜಿನ ಮೇಲೆ ಇರುತ್ತದೆ. ಹಸಿವಾಗಿದ್ದರೂ ಬ್ರೆಡ್ಡಿನ ಚೂರನ್ನೂ ಮುಟ್ಟಬೇಡಿ. ಎಲ್ಲರೂ ಕೂತ ಮೇಲೆ ಮನೆಯ ಹಿರಿಯರು ಅಕ್ಕಪಕ್ಕದವರ ಕಡೆ ಕೈ ಚಾಚುತ್ತಾರೆ. ನೀವೂ ಹಿಡಿದುಕೊಳ್ಳಿ, ತಲೆ ತಗ್ಗಿಸಿ, ಕಣ್ಣು ಮುಚ್ಚಿ. ಒಂದು ನಿಮಿಷದೊಳಗೆ ಮುಗಿಯುತ್ತದೆ. ಕ್ಯಾಥೊಲಿಕ್ಕರ ಮನೆಯಾದರೆ ಶಿಲುಬೆಯ ಗುರುತು ಮಾಡಿಕೊಂಡು ಬಾಯಿಪಾಠದ ಪ್ರಾರ್ಥನೆ ಹೇಳುತ್ತಾರೆ. ಲುಥೆರನ್ ಪಂಗಡದ ಕ್ರೈಸ್ತರದ್ದೂ ಬಾಯಿಪಾಠವೇ, ಯೇಸುವನ್ನೇ ಊಟಕ್ಕೆ ಅತಿಥಿಯಾಗಿ ಬಾ ಎಂದು ಕರೆಯುವ ಎರಡು ಸಾಲು. ನಿಮ್ಮ ಕಡೆ ಹೆಚ್ಚಾಗಿರುವ ಬ್ಯಾಪ್ಟಿಸ್ಟ್ ಪಂಗಡದವರು ಮಾತ್ರ ಆ ಹೊತ್ತಿಗೆ ಬಾಯಿಗೆ ಬಂದ ಮಾತಿನಲ್ಲೇ ಹೇಳುತ್ತಾರೆ. ಅಡುಗೆ ಮಾಡಿದವರು, ಕಾಯಿಲೆ ಬಿದ್ದವರು, ಸೈನ್ಯದಲ್ಲಿರುವ ಮಗ, ಎಲ್ಲರೂ ಅದರಲ್ಲಿ ಬರುತ್ತಾರೆ. ನಿಮ್ಮ ಹೆಸರೂ ಬಂದೇ ಬರುತ್ತದೆ.

ನನ್ನ ಅಮ್ಮ ಊರಲ್ಲಿ ಆಸ್ಪತ್ರೆ ಸೇರಿದ್ದ ವರ್ಷ ಇಲ್ಲಿ ಪಕ್ಕದ ಮನೆಯ ಅಜ್ಜಿ ನಮ್ಮನ್ನು ಊಟಕ್ಕೆ ಕರೆದಿದ್ದರು. ಊಟಕ್ಕೆ ಮುಂಚೆ ನನ್ನನ್ನು ಅಡುಗೆಮನೆಗೆ ಕರೆದು, ಅಮ್ಮನ ಹೆಸರು ಹೇಳು ಅಂದರು. ಹೇಳಿದೆ. ಹೆಸರನ್ನು ಅರ್ಧಕ್ಕೆ ಕತ್ತರಿಸಬಾರದು, ನೀವು ಹೇಳುವ ಹಾಗೇ ಬರಬೇಕು ಅಂತ ಮೂರು ನಾಲ್ಕು ಸಲ ಹೇಳಿಸಿಕೊಂಡು ಕಲಿತರು. ಆಮೇಲೆ ಮೇಜಿನ ಮುಂದೆ, ತುಂಬಿದ ಮನೆಯಲ್ಲಿ, ಅಮ್ಮನ ಹೆಸರು ಹಿಡಿದು ಅವರಿಗೆ ಗುಣವಾಗಲಿ ಅಂತ ಬೇಡಿದರು. ಅದು ಯಾವ ದೇವರಿಗೆ ಹೇಳಿದ್ದು ಅಂತ ನನಗೆ ಆಗ ಅನ್ನಿಸಲೇ ಇಲ್ಲ. ಇಷ್ಟು ದೂರದಲ್ಲಿ ನಮ್ಮ ಅಮ್ಮನ ಚಿಂತೆ ಮಾಡುವವರು ಇನ್ನೊಬ್ಬರಿದ್ದಾರಲ್ಲ ಅಂತ ಗಂಟಲು ಕಟ್ಟಿತು.

ಪ್ರಾರ್ಥನೆಯ ಕೊನೆಗೆ ಆಮೆನ್ ಅನ್ನಬೇಕಾ? ಮನಸ್ಸಿದ್ದರೆ ಅನ್ನಿ, ಇಲ್ಲದಿದ್ದರೆ ಸುಮ್ಮನಿರಿ. ಯಾರೂ ಲೆಕ್ಕ ಇಡುವುದಿಲ್ಲ. ಊಟದ ಪ್ರಾರ್ಥನೆ ಬೇರೆ, ಚರ್ಚಿಗೆ ಬನ್ನಿ ಅನ್ನುವುದು ಬೇರೆ. ಚರ್ಚಿಗೂ ಕರೆಯಬಹುದು. ಇಷ್ಟವಿಲ್ಲದಿದ್ದರೆ ನಗುತ್ತಾ ಬೇಡ ಅನ್ನಿ, ಸ್ನೇಹ ಹಾಗೇ ಇರುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಕಸಿವಿಸಿಯಾಗಿದ್ದು ಒಂದೇ ಮಾತು. ನಮ್ಮಲ್ಲಿ ಇಂಥದ್ದೆಲ್ಲ ಇಲ್ಲವಲ್ಲ ಅಂದಿರಿ. ಯಾಕಿಲ್ಲ? ಮದುವೆಮನೆಯ ಪಂಕ್ತಿ ನೆನಪು ಮಾಡಿಕೊಳ್ಳಿ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಎಲ್ಲ ಬಂದು ಅನ್ನ ಬಂದರೂ ಯಾರೂ ಕೈ ಹಾಕುವುದಿಲ್ಲ. ತುಪ್ಪ ಬೀಳಬೇಕು, ಹಿರಿಯರೊಬ್ಬರು ಗೋವಿಂದ ಅನ್ನಬೇಕು, ಪಂಕ್ತಿಯೆಲ್ಲ ಗೋವಿಂದಾ ಅನ್ನಬೇಕು. ಕೆಲವು ಕಡೆ ಹರಹರ ಮಹಾದೇವ. ಎಲೆಯ ಸುತ್ತ ನೀರು ಬಿಟ್ಟು ಚೂರು ಅನ್ನ ತೆಗೆದಿಡುವವರಿದ್ದಾರೆ. ಇಷ್ಟಲಿಂಗಕ್ಕೆ ಅರ್ಪಿಸಿ ಪ್ರಸಾದವಾಗಿ ಉಣ್ಣುವವರಿದ್ದಾರೆ. ಬಿಸ್ಮಿಲ್ಲಾ ಅಂದು ಮೊದಲ ತುತ್ತು ಎತ್ತುವವರು, ಕೊಂಕಣಿಯಲ್ಲಿ ಪ್ರಾರ್ಥನೆ ಹೇಳುವ ಮಂಗಳೂರಿನ ಕ್ರೈಸ್ತರು, ಇವರೆಲ್ಲ ನಮ್ಮವರೇ ತಾನೆ? ಏನೂ ಮಂತ್ರ ಗೊತ್ತಿಲ್ಲದ ನನ್ನ ಅಜ್ಜ ಮುದ್ದೆ ಮುರಿಯುವ ಮುಂಚೆ ತಟ್ಟೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಊಟ ಮುಗಿದ ಮೇಲೆ ಅನ್ನದಾತ ಸುಖೀಭವ ಅನ್ನುವುದೂ ಇದೆ. ಯಹೂದ್ಯರಲ್ಲಂತೂ ಉಂಡು ತೃಪ್ತಿಯಾದ ಮೇಲೆ ಹೇಳುವುದೇ ದೊಡ್ಡ ಪ್ರಾರ್ಥನೆ.

ಇಲ್ಲಿಗೆ ಬಂದ ಮೇಲೆ ನಾವು ಕಳೆದುಕೊಳ್ಳುವುದು ಇದನ್ನೇ. ದೇವರ ಕೋಣೆ ಉಳಿಯುತ್ತದೆ, ಗಣಪತಿ ಹಬ್ಬ ಉಳಿಯುತ್ತದೆ. ಆದರೆ ಒಬ್ಬರು ಲ್ಯಾಪ್‌ಟಾಪ್ ಮುಂದೆ, ಒಬ್ಬರು ಟೀವಿ ಮುಂದೆ, ಮಗು ಕೈಯಲ್ಲಿ ಫೋನು, ಹೀಗೆ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಉಣ್ಣುವುದು ಅಭ್ಯಾಸವಾಗುತ್ತದೆ. ಎಲ್ಲರೂ ಬರುವವರೆಗೆ ಕಾಯುವುದು ನಿಂತರೆ ಗೋವಿಂದ ಅನ್ನುವುದೂ ನಿಲ್ಲುತ್ತದೆ.

ಅಮೆರಿಕನ್ನರಿಗೂ ಇದು ಹೊಸ ಚಿಂತೆಯಲ್ಲ. ನಾರ್ಮನ್ ರಾಕ್‌ವೆಲ್ ಅನ್ನುವ ಕಲಾವಿದರು 1951ರಲ್ಲಿ ಒಂದು ಪತ್ರಿಕೆಯ ಥ್ಯಾಂಕ್ಸ್‌ಗಿವಿಂಗ್ ಸಂಚಿಕೆಗೆ ಮುಖಪುಟ ಬರೆದರು. ಗಿಜಿಗುಡುವ ಹೋಟೆಲಲ್ಲಿ ಒಬ್ಬ ಮುದುಕಿ, ಒಬ್ಬ ಹುಡುಗ ತಲೆ ತಗ್ಗಿಸಿ ಪ್ರಾರ್ಥಿಸುತ್ತಿದ್ದಾರೆ. ಅದೇ ಮೇಜಿನಲ್ಲಿರುವ ಇಬ್ಬರು ಯುವಕರು ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡುತ್ತಿದ್ದಾರೆ. ಆಗಲೇ ಅದು ಜನ ತಿರುಗಿ ನೋಡುವ ದೃಶ್ಯವಾಗಿತ್ತು! ಆ ಚಿತ್ರ 2013ರ ಹರಾಜಿನಲ್ಲಿ 4.6 ಕೋಟಿ ಡಾಲರಿಗೆ ಹೋಯಿತು. ಆ ಯುವಕರ ಮುಖದಲ್ಲಿ ಗೇಲಿ ಇಲ್ಲ. ನನಗೆ ಆ ಚಿತ್ರ ಇಷ್ಟವಾಗುವುದು ಅದಕ್ಕೇ.

ಮಗಳ ಶಾಲೆಯ ಬಗ್ಗೆ ಭಯ ಬೇಡ. ಸರ್ಕಾರಿ ಶಾಲೆಯಲ್ಲಿ ಟೀಚರುಗಳು ಮಕ್ಕಳಿಂದ ಪ್ರಾರ್ಥನೆ ಹೇಳಿಸುವಂತಿಲ್ಲ. 1962ರಲ್ಲೇ ಇಲ್ಲಿನ ಸುಪ್ರೀಂ ಕೋರ್ಟ್ ಇಂಥ ಶಾಲಾ ಪ್ರಾರ್ಥನೆಯನ್ನು ತಡೆದಿದೆ. ವರ್ಜೀನಿಯಾದ ಸರ್ಕಾರಿ ಮಿಲಿಟರಿ ಕಾಲೇಜಿನಲ್ಲಿ ರಾತ್ರಿ ಊಟಕ್ಕೆ ಮುಂಚೆ ಹೇಳಿಸುತ್ತಿದ್ದ ಪ್ರಾರ್ಥನೆಯೂ ಸಂವಿಧಾನಕ್ಕೆ ಹೊಂದುವುದಿಲ್ಲ ಅಂತ 2003ರಲ್ಲಿ ಮೇಲ್ಮನವಿ ಕೋರ್ಟ್ ಹೇಳಿತು. ಆದರೆ ಮಗು ತಾನಾಗಿ ಕೈ ಮುಗಿದು ಡಬ್ಬಿ ತೆರೆದರೆ ಅದನ್ನು ಯಾರೂ ಬೇಡ ಅನ್ನುವಂತಿಲ್ಲ. ಅವಳಿಗೆ ಎರಡನ್ನೂ ಹೇಳಿಕೊಡಿ.

ಊಟದ ವಿಷಯ ಬೇಗ ಹೇಳುತ್ತೇನೆ. ನೀವು ಸಸ್ಯಾಹಾರಿಗಳು ಅಂತ ಮೊದಲೇ ತಿಳಿಸಿ, ಅವರು ಬೇಜಾರು ಮಾಡಿಕೊಳ್ಳುವುದಿಲ್ಲ. ಸೊಪ್ಪಿನ ಪಲ್ಯ ಅಂತ ಕಾಣುವುದಕ್ಕೆ ಇಲ್ಲಿ ಹಂದಿ ಮೂಳೆ ಹಾಕಿ ಬೇಯಿಸಿರುತ್ತಾರೆ. ಬ್ರೆಡ್ಡಿನ ಚೂರುಗಳಿಂದ ಮಾಡುವ ಸ್ಟಫಿಂಗ್‌ಗೆ ಕೋಳಿ ಸಾರು ಬಿದ್ದಿರುತ್ತದೆ. ಸಿಹಿಗೆಣಸಿನ ಮೇಲಿನ ಮಾರ್ಷ್‌ಮೆಲೋ ಅನ್ನುವ ಮೆತ್ತನೆ ಮಿಠಾಯಿಯಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್ ಇರುತ್ತದೆ. ಒಂದು ದೊಡ್ಡ ಪಾತ್ರೆ ಚಿತ್ರಾನ್ನ ತೆಗೆದುಕೊಂಡು ಹೋಗಿ.

ಪ್ರಾರ್ಥನೆ ನೀವೇ ಹೇಳಿ ಅಂತ ಅತಿಥಿಗೆ ಬಿಡುವುದೂ ಉಂಟು. ಗೌರವಕ್ಕೆ ಬಿಡುತ್ತಾರೆ, ಪರೀಕ್ಷೆಗಲ್ಲ. ಮಗಳಿಗೆ ಅನ್ನಪೂರ್ಣೇ ಸದಾಪೂರ್ಣೇ ಬರುತ್ತದಾ? ಬಂದರೆ ಅವಳೇ ಹೇಳಲಿ. ನೀವು ಅರ್ಥ ಹೇಳಿ, ಅಡುಗೆ ಮಾಡಿದವರಿಗೆ ಹೆಸರು ಹಿಡಿದು ಥ್ಯಾಂಕ್ಸ್ ಹೇಳಿ. ಅವರೂ ಕಣ್ಣು ಮುಚ್ಚಿಯೇ ಕೇಳುತ್ತಾರೆ.

ಯುಗಾದಿಗೆ ಅವರನ್ನು ನಿಮ್ಮ ಮನೆಗೆ ಕರೆಯಿರಿ. ಪಂಕ್ತಿ ಹಾಕಿ, ತುಪ್ಪ ಬೀಳುವವರೆಗೆ ಕಾಯಿಸಿ, ಗೋವಿಂದ ಅನ್ನುವುದನ್ನು ಹೇಳಿಕೊಡಿ. ಬಾಳೆ ಎಲೆ ಇಂಡಿಯನ್ ಅಂಗಡಿಯ ಫ್ರೀಜರಿನಲ್ಲಿ ಸಿಗುತ್ತದೆ. ಹಿಂದಿನ ರಾತ್ರಿಯೇ ಹೊರಗೆ ತೆಗೆದಿಡಿ, ಇಲ್ಲದಿದ್ದರೆ ಬಿಡಿಸುವಾಗ ಹರಿಯುತ್ತದೆ.